ಕ್ಯಾಮೆರಾ ಹಿಡಿದರೆ ಫೈಲ್ ಬಂತು: ನಮ್ಮ ಜೆರಾಕ್ಸ್ ಅಂಗಡಿಯಲ್ಲಿ ಪೇರ್‌ಡ್ರಾಪ್

ಸಾಗರದ ಬಸ್ ಸ್ಟ್ಯಾಂಡ್ ಹತ್ತಿರ ನಮ್ಮದೊಂದು ಜೆರಾಕ್ಸ್ ಅಂಗಡಿ. ಆನ್‌ಲೈನ್ ಅರ್ಜಿಯನ್ನೂ ತುಂಬಿಕೊಡುತ್ತೇವೆ. ಎರಡು ಕಂಪ್ಯೂಟರ್, ಒಂದು ಲೇಸರ್ ಪ್ರಿಂಟರ್, ಒಂದು ಲ್ಯಾಮಿನೇಷನ್ ಮಷಿನ್. ಬೆಳಿಗ್ಗೆಯಿಂದ ಸಂಜೆವರೆಗೆ ಕಿವಿಗೆ ಬೀಳುವ ಮಾತು ಒಂದೇ: "ಅಕ್ಕಾ, ಮೊಬೈಲಲ್ಲಿದೆ, ಪ್ರಿಂಟ್ ಬೇಕಿತ್ತು."

ಕೌಂಟರಿನ ಆಚೆ ಮೊಬೈಲು, ಈಚೆ ಕಂಪ್ಯೂಟರು. ನಡುವೆ ಮೂರಡಿ. ಅಷ್ಟನ್ನು ದಾಟಿಸಲು ನಾವು ಪಟ್ಟ ಪಾಡು ಅಂಗಡಿಯವರಿಗೇ ಗೊತ್ತು. ಕೇಬಲ್ ಹಾಕಿದರೆ ಒಬ್ಬರ ಪಿನ್ ಇನ್ನೊಬ್ಬರಿಗೆ ಆಗುವುದಿಲ್ಲ. ಇಮೇಲ್ ಮಾಡಿ ಅಂದರೆ ಪಾಸ್‌ವರ್ಡ್ ನೆನಪಿರುವುದಿಲ್ಲ. ಅಂಗಡಿ ನಂಬರಿಗೆ ವಾಟ್ಸಾಪ್ ಮಾಡಿಸಿಕೊಂಡರೆ ಊರವರ ಆಧಾರ್, ಪಾಸ್‌ಬುಕ್, ಜಾತಿ ಪ್ರಮಾಣಪತ್ರ ಎಲ್ಲ ನಮ್ಮ ಫೋನಿನಲ್ಲೇ ಉಳಿಯುತ್ತವೆ. ತಿಂಗಳಿಗೊಮ್ಮೆ ಕೂತು ಅಳಿಸುವಾಗ ನನಗೇ ಹೆದರಿಕೆಯಾಗುತ್ತಿತ್ತು.

ಆಮೇಲೆ ವಾಟ್ಸಾಪ್ ವೆಬ್ ಹಿಡಿದುಕೊಂಡೆವು. ಸ್ಕ್ರೀನಿನ ಮೇಲೆ ಕ್ಯೂಆರ್ ಕೋಡ್, ಗಿರಾಕಿ ತಮ್ಮ ಫೋನಿನ ವಾಟ್ಸಾಪ್‌ನಿಂದ ಕ್ಯಾಮೆರಾ ಹಿಡಿಯುತ್ತಾರೆ, ಅವರ ವಾಟ್ಸಾಪ್ ನಮ್ಮ ಕಂಪ್ಯೂಟರಿನಲ್ಲೇ ತೆರೆಯಿತು. 2015ರಲ್ಲಿ ಬಂದ ಈ ಸೌಲಭ್ಯ ಸ್ವಂತ ಕಂಪ್ಯೂಟರ್ ಇರುವವರಿಗೆ ಬಹಳ ಒಳ್ಳೆಯದು, ಮನೆಯಲ್ಲಿ ನಾನೂ ಬಳಸುತ್ತೇನೆ. ಆದರೆ ನಾಲ್ಕು ಜನ ಬಂದುಹೋಗುವ ಅಂಗಡಿಗೆ ಅದು ಹೇಳಿ ಮಾಡಿಸಿದ್ದಲ್ಲ. ಒಂದು ಮಧ್ಯಾಹ್ನ ಕಾಲೇಜಿನ ಹುಡುಗಿಯೊಬ್ಬಳು ಹಾಲ್ ಟಿಕೆಟ್ ಪ್ರಿಂಟ್ ತೆಗೆಸಿಕೊಂಡು, ಬಸ್ ಹೊರಟಿತು ಅಂತ ಓಡಿದಳು. ಲಾಗೌಟ್ ಮಾಡುವುದನ್ನು ಅವಳೂ ಮರೆತಳು, ನಾನೂ ಮರೆತೆ. ಹತ್ತು ನಿಮಿಷಕ್ಕೆ ಅವಳ ಅಮ್ಮನ ಮೆಸೇಜ್ ಬಂತು. ಅಪ್ಪನ ಆಸ್ಪತ್ರೆ ರಿಪೋರ್ಟಿನ ವಿಷಯ. ಸ್ಕ್ರೀನಿನ ಎದುರು ಆಗ ಮೂವರು ಗಿರಾಕಿಗಳು ನಿಂತಿದ್ದರು. ತಕ್ಷಣ ಮುಚ್ಚಿದೆ, ಆದರೆ ಓದಿದವರು ಓದಿಯಾಗಿತ್ತು. ಮರುದಿನ ಅವಳು ಬಂದಾಗ ಹೇಳಿ ಕ್ಷಮೆ ಕೇಳಿದೆ. ಅವತ್ತಿನಿಂದ ಆ ದಾರಿ ಬಿಟ್ಟೆ. ಒಂದು ಹಾಳೆ ಪ್ರಿಂಟಿಗೆ ಇಡೀ ಮನೆಯ ಬೀಗದ ಕೈ ಇಸಕೊಳ್ಳುವುದು ಯಾವ ನ್ಯಾಯ?

ಈಗ ಬಳಸುತ್ತಿರುವುದು ಪೇರ್‌ಡ್ರಾಪ್. ದುಡ್ಡಿಲ್ಲ, ಆ್ಯಪ್ ಹಾಕಿಕೊಳ್ಳಬೇಕಿಲ್ಲ, ಅಕೌಂಟ್ ಬೇಕಿಲ್ಲ. ಬ್ರೌಸರಿನಲ್ಲಿ ತೆರೆಯುವ ಒಂದು ಪುಟ ಅಷ್ಟೇ. ಹೀಗೇ ಬ್ರೌಸರಿನಲ್ಲಿ ಫೈಲ್ ಕಳಿಸುವ ಸ್ನ್ಯಾಪ್‌ಡ್ರಾಪ್ ಅಂತ ಇತ್ತಲ್ಲ, ಅದರ ಕೋಡ್ ತೆಗೆದುಕೊಂಡು ಮುಂದುವರಿಸಿದ ಮುಕ್ತ ತಂತ್ರಾಂಶ ಇದು. ಅಂಗಡಿಯ ಕಂಪ್ಯೂಟರಿನಲ್ಲಿ ತೆರೆದು ತಾತ್ಕಾಲಿಕ ರೂಮ್ ಮಾಡಿದರೆ ಐದು ಅಕ್ಷರದ ಕೋಡ್, ಜೊತೆಗೆ ಕ್ಯೂಆರ್ ಬರುತ್ತದೆ. ಮಾನಿಟರ್ ಗಿರಾಕಿ ಕಡೆ ತಿರುಗಿಸುತ್ತೇನೆ. ಅವರು ಕ್ಯಾಮೆರಾ ಹಿಡಿದು, ಬಂದ ಲಿಂಕ್ ಒತ್ತಿದರೆ ಅವರ ಫೋನಿನಲ್ಲೂ ಅದೇ ಪುಟ. ನನ್ನ ಕಂಪ್ಯೂಟರ್ ಅಲ್ಲಿ ಒಂದು ಗುಂಡಗಿನ ಚಿತ್ರವಾಗಿ ಕಾಣುತ್ತದೆ, ಕೆಳಗೆ ಯಾವುದೋ ಬಣ್ಣ ಮತ್ತು ಪ್ರಾಣಿ ಸೇರಿಸಿ ಇಟ್ಟ ಹೆಸರು. ಅದನ್ನು ಒತ್ತಿ ಫೈಲ್ ಆರಿಸಿದರೆ ಮುಗಿಯಿತು. ನನ್ನ ಕಡೆ "ತೆಗೆದುಕೊಳ್ಳಲಾ?" ಎಂಬ ಪ್ರಶ್ನೆ ಬರುತ್ತದೆ, ಒಪ್ಪಿದ ಮೇಲೆ ಆ ಗುಂಡಗಿನ ಸುತ್ತ ಒಂದು ಗೆರೆ ತುಂಬುತ್ತಾ ಹೋಗುತ್ತದೆ. ಅವರು ಆರಿಸಿದ್ದಷ್ಟೇ ಬರುತ್ತದೆ. ಬೇರೇನೂ ನನಗೆ ಕಾಣುವುದಿಲ್ಲ.

ಫೈಲ್ ಸಾಧ್ಯವಾದಾಗಲೆಲ್ಲ ಒಂದು ಯಂತ್ರದಿಂದ ಇನ್ನೊಂದಕ್ಕೆ ನೇರವಾಗಿ ಹೋಗುತ್ತದೆ, ಯಾವುದೋ ಸರ್ವರಿನಲ್ಲಿ ಕೂತಿರುವುದಿಲ್ಲ. ಇಬ್ಬರೂ ಒಂದೇ ವೈಫೈಯಲ್ಲಿದ್ದರೆ ರೂಮೂ ಬೇಡ, ತಾನಾಗಿಯೇ ಕಾಣಿಸಿಕೊಳ್ಳುತ್ತವೆ. ಆದರೆ ಅಂಗಡಿಯ ವೈಫೈ ಪಾಸ್‌ವರ್ಡ್ ನಾನು ಯಾರಿಗೂ ಕೊಡುವುದಿಲ್ಲ. ಗಿರಾಕಿಗಳೆಲ್ಲ ಅವರವರ ಮೊಬೈಲ್ ಡೇಟಾದಲ್ಲಿರುತ್ತಾರೆ, ಹಾಗಾಗಿ ನನಗೆ ರೂಮ್ ಬೇಕೇ ಬೇಕು. ಒಂದು ರೂಮಿನಲ್ಲಿರುವ ಎಲ್ಲರಿಗೂ ಎಲ್ಲರೂ ಕಾಣುತ್ತಾರೆ ಎಂಬುದು ನೆನಪಿರಲಿ. ಅದಕ್ಕೆ ಕ್ಯೂಆರ್ ಪ್ರಿಂಟ್ ಹಾಕಿ ಗೋಡೆಗೆ ಅಂಟಿಸಿಲ್ಲ. ಗಿರಾಕಿ ಬದಲಾದ ಹಾಗೆ ರೂಮ್ ಬದಲು.

ತೊಂದರೆಗಳೂ ಇವೆ. ಫೈಲ್ ಹೋಗಿ ಮುಗಿಯುವವರೆಗೆ ಎರಡೂ ಕಡೆ ಪುಟ ತೆರೆದಿರಬೇಕು. ನಡುವೆ ಫೋನ್ ಲಾಕ್ ಆದರೆ, ಕರೆ ಬಂತು ಅಂತ ಆಚೆ ಹೋದರೆ, ನಿಂತುಬಿಡುತ್ತದೆ. ಒಂದೆರಡು ಹಾಳೆಯ ಪಿಡಿಎಫ್‌ಗೆ ಇದು ಗೊತ್ತೇ ಆಗುವುದಿಲ್ಲ. ಮದುವೆ ವಿಡಿಯೋ ತಂದವರಿಗೆ ಪೆನ್‌ಡ್ರೈವೇ ಸರಿ. ಪುಟ ತೆರೆಯಲು ಇಂಟರ್ನೆಟ್ ಬೇಕು. ನಮ್ಮಲ್ಲಿ ಜುಲೈ ಮಳೆಗೆ ಕರೆಂಟು, ನೆಟ್‌ವರ್ಕು ಒಟ್ಟೊಟ್ಟಿಗೆ ಹೋಗುತ್ತವೆ, ಅವತ್ತು ಕೇಬಲ್ಲೇ ಗತಿ. ಅಂಗಡಿಯವರಿಗೆ ಇನ್ನೊಂದು ಮಾತು: ಬಂದ ಫೈಲ್ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಉಳಿಯುತ್ತದೆ. ಅದನ್ನು ಅಳಿಸುವುದು ನಮ್ಮ ಜವಾಬ್ದಾರಿ, ಪೇರ್‌ಡ್ರಾಪಿನದ್ದಲ್ಲ.

ಕಂಪ್ಯೂಟರಿನಿಂದ ಮೊಬೈಲಿಗೆ ಯಾವುದಾದರೂ ವೆಬ್ ಪುಟ ಕಳಿಸಬೇಕಾದಾಗ ನಾನು ಇದನ್ನೂ ಬಳಸುವುದಿಲ್ಲ. ಕ್ರೋಮ್‌ನಲ್ಲಿ ಪುಟದ ಖಾಲಿ ಜಾಗದ ಮೇಲೆ ರೈಟ್ ಕ್ಲಿಕ್ ಮಾಡಿ ಕ್ಯೂಆರ್ ಆಯ್ಕೆ ಒತ್ತಿದರೆ ಆ ಪುಟಕ್ಕೇ ಕ್ಯೂಆರ್ ಬರುತ್ತದೆ, ನಡುವೆ ಒಂದು ಪುಟ್ಟ ಡೈನೋಸಾರ್. ನಡುಮಧ್ಯ ಮುಚ್ಚಿದ್ದರೂ ಓದುತ್ತದಲ್ಲ ಅಂತ ಮೊದಮೊದಲು ಆಶ್ಚರ್ಯವಾಗಿತ್ತು. 1994ರಲ್ಲಿ ಜಪಾನಿನ ಡೆನ್ಸೊ ವೇವ್‌ನವರು ಕಾರಿನ ಬಿಡಿಭಾಗ ಲೆಕ್ಕ ಇಡಲು ಇದನ್ನು ಮಾಡಿದಾಗಲೇ, ಕೊಳೆ ಹತ್ತಿದರೂ ಓದುವ ಹಾಗೆ ಮಾಡಿದ್ದರಂತೆ. ಹಾನಿ ತಾಳುವ ಶಕ್ತಿ ಅತಿ ಹೆಚ್ಚಿರುವ ಮಟ್ಟದ ಕೋಡಿನಲ್ಲಿ ಸುಮಾರು 30% ಹಾಳಾದರೂ ನಡೆಯುತ್ತದೆ. ಎಸ್‌ಎಸ್‌ಎಲ್‌ಸಿ ಫಲಿತಾಂಶದ ದಿನ ಇದು ನನ್ನ ಬಲಗೈ. ವಿಳಾಸ ಚೀಟಿಯಲ್ಲಿ ಬರೆದುಕೊಟ್ಟು, ಒಂದು ಚುಕ್ಕಿ ತಪ್ಪಿ, ವಾಪಸ್ ಬರುವ ರಗಳೆ ಇಲ್ಲ. ಆದರೆ ವಿಳಾಸ ಮಾತ್ರ ಹೋಗುತ್ತದೆ. ಅರ್ಧ ತುಂಬಿದ ಅರ್ಜಿ ಹೋಗುವುದಿಲ್ಲ.

ಅದನ್ನೂ ದಾಟಿಸುವ ಯೋಚನೆ 2011ರಲ್ಲೇ ಇತ್ತು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ತ್ಸುಂಗ್-ಶಿಯಾಂಗ್ ಚಾಂಗ್ ಮತ್ತು ಗೂಗಲ್‌ನ ಯಾಂಗ್ ಲಿ 'ಡೀಪ್ ಶಾಟ್' ಅಂತ ಮಾಡಿದ್ದರು. ಕಂಪ್ಯೂಟರಿನಲ್ಲಿ ನಕ್ಷೆ ತೆರೆದಿದ್ದರೆ ಆ ಸ್ಕ್ರೀನಿನ ಫೋಟೋ ಹೊಡೆದರೆ ಸಾಕು, ಅದೇ ನಕ್ಷೆ ನೋಡುತ್ತಿದ್ದ ಜಾಗದಲ್ಲೇ ಫೋನಿನಲ್ಲಿ ತೆರೆಯುತ್ತಿತ್ತು. ಕ್ಯೂಆರ್ ಕೂಡ ಬೇಡ. ಯಾವ ಕೆಲಸ ಕಣ್ಣೆದುರು ಇದೆಯೋ ಅದು ಮಾತ್ರ ದಾಟುತ್ತಿತ್ತು. ನಮ್ಮಂಥ ಅಂಗಡಿಗಳಿಗೆ ಬೇಕಾದದ್ದು ಅದೇ.

ಕಳೆದ ವಾರ ಹಳ್ಳಿಯಿಂದ ಬಂದ ಹಿರಿಯರೊಬ್ಬರು, ಬೆಂಗಳೂರಿನ ಮಗ ಕಳಿಸಿದ ಪಹಣಿಯ ಪ್ರಿಂಟ್ ಕೇಳಿದರು. ಕ್ಯಾಮೆರಾ ಹಿಡಿಯುವುದು ತೋರಿಸಿಕೊಟ್ಟೆ. ಎರಡನೇ ಸಲಕ್ಕೆ ಕೋಡ್ ಸರಿಯಾಗಿ ಸಿಕ್ಕಿತು. ಹಾಳೆ ಕೈಗೆ ಬಂದ ಮೇಲೂ ಅವರು ಹೊರಡಲಿಲ್ಲ. "ತಂಗೀ, ಮನೆಯವರ ಫೋಟೋ ಎಲ್ಲ ಈಗ ನಿನ್ನ ಕಂಪ್ಯೂಟರಲ್ಲಿ ಕಾಣ್ತಾವಾ?" ಅಂದರು. ಮಾನಿಟರ್ ಅವರ ಕಡೆ ತಿರುಗಿಸಿ ಫೋಲ್ಡರ್ ತೆರೆದೆ. ಒಂದೇ ಫೈಲ್ ಇತ್ತು, ಪಹಣಿ. ಅವರ ಎದುರೇ ಅದನ್ನು ಅಳಿಸಿ, ರೀಸೈಕಲ್ ಬಿನ್ನೂ ಖಾಲಿ ಮಾಡಿದೆ. "ಹಾಂಗಾರೆ ಅಡ್ಡಿಲ್ಲೆ" ಅಂದು ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡರು.