ಥಂಡರ್‌ಬರ್ಡ್ ಅಡ್ರೆಸ್ ಬುಕ್: ಒಂದೇ ಹೆಸರು ಮೂರು ಕಡೆ ಇದ್ದಾಗ ಏನು ಮಾಡಬೇಕು?

ಮೇಲ್ ಓದಲು, ಕಳಿಸಲು ಕಂಪ್ಯೂಟರಿಗೆ ಹಾಕಿಕೊಳ್ಳುವ ಥಂಡರ್‌ಬರ್ಡ್ ಪ್ರೋಗ್ರಾಂ ಬಗ್ಗೆ ಬರೆಯುವವರು ಹೆಚ್ಚಾಗಿ ಇನ್‌ಬಾಕ್ಸ್, ಫಿಲ್ಟರ್, ಸ್ಪ್ಯಾಮ್ ಇಷ್ಟರಲ್ಲೇ ಮುಗಿಸಿಬಿಡುತ್ತಾರೆ. ಅಡ್ರೆಸ್ ಬುಕ್ ಕಡೆ ಯಾರೂ ಅಷ್ಟಾಗಿ ತಿರುಗಿ ನೋಡುವುದಿಲ್ಲ. ವರ್ಷಗಟ್ಟಲೆ ಬಳಸಿದವರಿಗೆ ಗೊತ್ತು, ತಲೆನೋವು ಇರುವುದೇ ಅಲ್ಲಿ. ಎಡಗಡೆ ನಾಲ್ಕೈದು ಪುಸ್ತಕ, ಅದರಲ್ಲಿ ಎರಡಕ್ಕೆ ಹೆಚ್ಚುಕಡಿಮೆ ಒಂದೇ ಹೆಸರು, ಎಲ್ಲದರಲ್ಲೂ ಅದೇ ಜನ. ನಾನು ಇದನ್ನು ಹಳೆಯ ಅಡ್ರೆಸ್ ಬುಕ್ ಇದ್ದ ಕಾಲದಿಂದಲೂ ಬಳಸುತ್ತಿದ್ದೇನೆ. ಹಾಗಾಗಿ ಈ ವಿಮರ್ಶೆ ಪೂರ್ತಿ ಆ ಒಂದು ಮೂಲೆಯ ಬಗ್ಗೆಯೇ.

ಮೊದಲೇ ಹೇಳಿಬಿಡುತ್ತೇನೆ. ಎರಡು ಅಡ್ರೆಸ್ ಬುಕ್ ಸೇರಿಸಿ ಒಂದು ಮಾಡುವ ಬಟನ್ ನಾನು ಬಳಸಿದ ಯಾವ ಆವೃತ್ತಿಯಲ್ಲೂ ಇರಲಿಲ್ಲ. ಆದರೂ ನಾನು ಐದಕ್ಕೆ ನಾಲ್ಕು ಕೊಡುತ್ತೇನೆ. ಏಕೆಂದರೆ ಬಟನ್ ಇದ್ದಿದ್ದರೂ ಅರ್ಧ ಕೆಲಸ ಅಷ್ಟೇ ಆಗುತ್ತಿತ್ತು. ಡೂಪ್ಲಿಕೇಟ್ ಎಲ್ಲಿಂದ ಬರುತ್ತಿದೆ ಅಂತ ನೋಡದೆ ಸುಮ್ನೆ ಅಳಿಸುತ್ತಾ ಕೂತರೆ, ನಲ್ಲಿ ಬಿಟ್ಟುಕೊಂಡು ನೆಲ ಒರೆಸಿದ ಹಾಗೆ.

ಎಲ್ಲಿಂದ ಬರುತ್ತವೆ? ಥಂಡರ್‌ಬರ್ಡ್ ಹಾಕಿಕೊಂಡ ದಿನವೇ ಎರಡು ಪುಸ್ತಕ ಸಿದ್ಧವಾಗಿರುತ್ತವೆ. ಒಂದು ಪರ್ಸನಲ್ ಅಡ್ರೆಸ್ ಬುಕ್, ಇನ್ನೊಂದು ಕಲೆಕ್ಟೆಡ್ ಅಡ್ರೆಸಸ್. ನೀವು ಯಾರಿಗಾದರೂ ಹೊಸದಾಗಿ ಮೇಲ್ ಕಳಿಸಿದರೆ ಆ ವಿಳಾಸ ತಾನಾಗಿಯೇ ಎರಡನೆಯದರಲ್ಲಿ ಹೋಗಿ ಕೂರುತ್ತದೆ. ಆಮೇಲೊಂದು ದಿನ ಫೋನಿನಿಂದ ಕಾಂಟ್ಯಾಕ್ಟ್ ಎಲ್ಲ ತರುತ್ತೀರಿ. ಅದೇ ವ್ಯಕ್ತಿ ಈಗ ಎರಡು ಕಡೆ. ಈ ಎರಡು ಪುಸ್ತಕಗಳನ್ನು ಅಳಿಸಲು ಬಿಡುವುದೂ ಇಲ್ಲ, ಒಳಗಿನದ್ದನ್ನು ಖಾಲಿ ಮಾಡಬಹುದು ಅಷ್ಟೇ.

ಎರಡನೆಯ ಕಾರಣ ಇಂಪೋರ್ಟ್. ಹಳೆಯ ಆವೃತ್ತಿಗಳಲ್ಲಿ ಫೈಲ್ ಇಂಪೋರ್ಟ್ ಮಾಡಿದಾಗಲೆಲ್ಲ ಆ ಫೈಲಿನ ಹೆಸರಿನಲ್ಲೇ ಒಂದು ಹೊಸ ಪುಸ್ತಕ ಹುಟ್ಟುತ್ತಿತ್ತು. ಅದೇ ಫೈಲ್ ಮತ್ತೆ ತಂದರೆ ಮತ್ತೊಂದು. 2022ರಲ್ಲಿ ಬಂದ 102ನೇ ಆವೃತ್ತಿಯಲ್ಲಿ ಅಡ್ರೆಸ್ ಬುಕ್ ಹೊಸ ರೂಪ ಪಡೆಯಿತು. ಈಗ ಇಂಪೋರ್ಟ್ ಮಾಡುವಾಗ ಯಾವ ಪುಸ್ತಕಕ್ಕೆ ಹಾಕಲಿ ಅಂತ ಕೇಳುತ್ತದೆ. ಇದು ಚಿಕ್ಕ ಬದಲಾವಣೆ ಅನ್ನಿಸಬಹುದು, ನನಗಂತೂ ಅದೇ ದೊಡ್ಡ ಉಪಕಾರ. ಆದರೆ ಆ ಪುಸ್ತಕದಲ್ಲಿ ಅವರು ಮೊದಲೇ ಇದ್ದಾರಾ ಅಂತ ಮಾತ್ರ ಅದು ನೋಡುವುದಿಲ್ಲ.

ಮೂರನೆಯದು ಸಿಂಕ್. 2021ರ 91ನೇ ಆವೃತ್ತಿಯಿಂದ ಕಾರ್ಡ್‌ಡ್ಯಾವ್ ಒಳಗೇ ಬಂದಿದೆ. ಅಂದರೆ ಆನ್‌ಲೈನ್ ಖಾತೆಯ ಕಾಂಟ್ಯಾಕ್ಟ್‌ಗಳನ್ನು ಆಡ್-ಆನ್ (ಬೇರೆಯಾಗಿ ಸೇರಿಸಿಕೊಳ್ಳುವ ಪುಟ್ಟ ತಂತ್ರಾಂಶ) ಇಲ್ಲದೆ ನೇರ ತರಿಸಬಹುದು. ಒಳ್ಳೆಯದೇ. ಆದರೆ ಅದು ಬರುವುದು ಬೇರೆ ಪುಸ್ತಕವಾಗಿ. ನಿಮ್ಮ ಹಳೆಯ ಪುಸ್ತಕ ಹಾಗೇ ಪಕ್ಕದಲ್ಲಿ ಇರುತ್ತದೆ.

ಅದಕ್ಕೂ ಮೊದಲು ನಾನು ಬೇರೊಂದು ಸಿಂಕ್ ಆಪ್ ಬಳಸುತ್ತಿದ್ದೆ, ಹೆಸರು ಬೇಡ. ವಿಕಾರ್ಡ್ (ಕಾಂಟ್ಯಾಕ್ಟ್‌ಗಳನ್ನು ಬರೆದಿಡುವ ಒಂದು ಫೈಲ್ ರೂಪ) ಕಡತದಲ್ಲಿ ಪ್ರತಿ ಕಾಂಟ್ಯಾಕ್ಟ್‌ಗೂ ಯುಐಡಿ ಅಂತ ಒಂದು ಗುರುತು ಇಡಬಹುದು. ಎರಡು ಸಾಧನಗಳು ಇದು ಅದೇ ಕಾರ್ಡ್, ಅಂದರೆ ಅದೇ ಕಾಂಟ್ಯಾಕ್ಟ್, ಅಂತ ಗುರುತು ಹಿಡಿಯುವುದು ಅದರಿಂದಲೇ. ಆ ಆಪ್ ಸಿಂಕ್ ಮಾಡಿದಾಗಲೆಲ್ಲ ಹೊಸ ಗುರುತು ಕೊಡುತ್ತಿತ್ತು. ಪಾಪ, ಥಂಡರ್‌ಬರ್ಡ್ ಏನು ಮಾಡುತ್ತದೆ, ಎಲ್ಲರನ್ನೂ ಹೊಸಬರು ಅಂದುಕೊಂಡು ಮತ್ತೆ ಸೇರಿಸುತ್ತಿತ್ತು. ಕೆಲಸ ಬಿಟ್ಟು ಹೋದವರ ಹಳೆಯ ಆಫೀಸ್ ವಿಳಾಸಕ್ಕೆ ಮೇಲ್ ಹೋಗಿ ವಾಪಸ್ ಬರುವುದು ಶುರುವಾದ ಮೇಲೆ ಆ ಆಪ್ ತೆಗೆದೆ.

ಈ ವಾಪಸ್ ಬರುವ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಡೂಪ್ಲಿಕೇಟ್ ಇದ್ದರೆ ಏನಾಯಿತು, ಜಾಗ ತಿನ್ನುತ್ತದೆಯೇ ಅಂತ ಕೇಳುವವರಿದ್ದಾರೆ. ಜಾಗದ ಪ್ರಶ್ನೆ ಅಲ್ಲ. ಟು ಎಂಬಲ್ಲಿ ಎರಡಕ್ಷರ ಒತ್ತಿದ ಕೂಡಲೇ ಥಂಡರ್‌ಬರ್ಡ್ ಎಲ್ಲ ಪುಸ್ತಕಗಳನ್ನೂ ಹುಡುಕಿ ಹೆಸರು ಸೂಚಿಸುತ್ತದೆ. ಯಾವ ಕಾರ್ಡಿಗೆ ಜಾಸ್ತಿ ಮೇಲ್ ಹೋಗಿದೆಯೋ ಅದಕ್ಕೆ ಮೇಲಿನ ಜಾಗ. ಹಾಗಾಗಿ ವರ್ಷಗಳ ಕಾಲ ಬಳಸಿದ ಹಳೆಯ ವಿಳಾಸ ಮೇಲೆ, ನಿನ್ನೆ ಮೊನ್ನೆ ಸೇರಿಸಿದ ಹೊಸ ವಿಳಾಸ ಕೆಳಗೆ. ಅವಸರದಲ್ಲಿ ಎಂಟರ್ ಒತ್ತಿದರೆ ಹೋಗುವುದು ಮೇಲಿನದಕ್ಕೇ ಅಲ್ವಾ.

ಒಂದು ಮಾಡುವ ಕೆಲಸಕ್ಕೆ ಇಳಿಯುವ ಮುಂಚೆ ಬ್ಯಾಕಪ್. ಹೆಲ್ಪ್ ಮೆನುವಿನ ಟ್ರಬಲ್‌ಶೂಟಿಂಗ್ ಇನ್ಫರ್ಮೇಷನ್‌ನಿಂದ ಪ್ರೊಫೈಲ್ ಫೋಲ್ಡರ್ (ನಿಮ್ಮ ಮೇಲ್, ಅಡ್ರೆಸ್ ಬುಕ್ ಎಲ್ಲ ಇರುವ ಜಾಗ) ತೆರೆಯಬಹುದು. ತೆರೆದ ಮೇಲೆ ಥಂಡರ್‌ಬರ್ಡ್ ಮುಚ್ಚಿ, ಎಬುಕ್ (abook) ಅಂತ ಶುರುವಾಗುವ ಮತ್ತು ಹಿಸ್ಟರಿ (history) ಎಂಬ ಹೆಸರಿನ ಎಸ್‌ಕ್ಯೂಲೈಟ್ (.sqlite) ಫೈಲ್‌ಗಳನ್ನು ಬೇರೆ ಕಡೆ ನಕಲು ಮಾಡಿಡಿ. ಪರ್ಸನಲ್ ಪುಸ್ತಕ ಇರುವುದು ಎಬುಕ್‌ನಲ್ಲಿ, ಕಲೆಕ್ಟೆಡ್ ಇರುವುದು ಹಿಸ್ಟರಿಯಲ್ಲಿ.

ಆಮೇಲೆ ಒಂದು ಪುಸ್ತಕವನ್ನು ಯಜಮಾನ ಅಂತ ಆರಿಸಿಕೊಳ್ಳಿ. ನನ್ನದು ಕಾರ್ಡ್‌ಡ್ಯಾವ್ ಪುಸ್ತಕ. ಫೋನಿಗೂ ಅದೇ ಹೋಗುತ್ತದೆ, ಕಂಪ್ಯೂಟರ್ ಕೆಟ್ಟರೂ ಉಳಿಯುತ್ತದೆ. ಇನ್ನುಳಿದ ಪುಸ್ತಕಗಳಲ್ಲಿ ಇರುವುದನ್ನೆಲ್ಲ ಅದಕ್ಕೆ ಸೇರಿಸಿದೆ. ಡೂಪ್ಲಿಕೇಟ್ ಆಗುತ್ತವೆ, ಆಗಲಿ. ಒಂದೇ ಕಡೆ ಸೇರಿದ ಮೇಲೆ ತೆಗೆಯುವುದು ಸುಲಭ. ಗೂಗಲ್ ಖಾತೆ ಇದ್ದರೆ ಕಾಂಟ್ಯಾಕ್ಟ್ಸ್ ಪುಟದಲ್ಲಿ ಮರ್ಜ್ ಆಂಡ್ ಫಿಕ್ಸ್ ಅಂತ ಇದೆ, ಜೋಡಿಗಳನ್ನು ಅದೇ ತೋರಿಸುತ್ತದೆ. ಎಡವಟ್ಟಾದರೆ 30 ದಿನದೊಳಗೆ ಹಿಂದಿನ ಸ್ಥಿತಿಗೆ ಮರಳಬಹುದು. ಅಲ್ಲಿ ಶುದ್ಧ ಮಾಡಿದ್ದು ಥಂಡರ್‌ಬರ್ಡ್‌ಗೆ ಶುದ್ಧವಾಗಿಯೇ ಬರುತ್ತದೆ.

ಆನ್‌ಲೈನ್ ಖಾತೆ ಬೇಡ ಅನ್ನುವವರಿಗೆ ಡೂಪ್ಲಿಕೇಟ್ ಕಾಂಟ್ಯಾಕ್ಟ್ಸ್ ಮ್ಯಾನೇಜರ್ ಎಂಬ ಆಡ್-ಆನ್ ಇದೆ. ಎರಡು ಪುಸ್ತಕ ಆರಿಸಿದರೆ ಒಂದೇ ಥರದ ಎರಡು ಕಾರ್ಡನ್ನು ಅಕ್ಕಪಕ್ಕ ಇಟ್ಟು ತೋರಿಸುತ್ತದೆ. ಯಾವುದನ್ನು ಇಟ್ಟುಕೊಳ್ಳಬೇಕು ಅಂತ ನೀವೇ ಹೇಳಬೇಕು. ನಿಧಾನದ ಕೆಲಸ, ಆದರೆ ನಂಬಿಕಸ್ಥ. ಹಾಕಿಕೊಳ್ಳುವ ಮುಂಚೆ ನಿಮ್ಮ ಆವೃತ್ತಿಗೆ ಹೊಂದುತ್ತದಾ ನೋಡಿಕೊಳ್ಳಿ. ಥಂಡರ್‌ಬರ್ಡ್ ದೊಡ್ಡ ಅಪ್‌ಡೇಟ್ ಬಂದಾಗ ಆಡ್-ಆನ್‌ಗಳು ಹಿಂದೆ ಬೀಳುವುದುಂಟು.

ಕಣ್ಣಿಟ್ಟು ನೋಡಲೇಬೇಕಾದ ಕಾರ್ಡ್‌ಗಳೂ ಇರುತ್ತವೆ. ನನ್ನಲ್ಲಿದ್ದ ಒಂದು ಜೋಡಿ ಹೇಳುತ್ತೇನೆ. ಒಂದರಲ್ಲಿ ಹೆಸರು ಕನ್ನಡದಲ್ಲಿ, ಮನೆ ವಿಳಾಸ, ಹುಟ್ಟಿದ ದಿನ, ಕೆಳಗೆ ಒಂದು ಟಿಪ್ಪಣಿ, ಹಳೆಯ ಮೇಲ್. ಇನ್ನೊಂದರಲ್ಲಿ ಹೆಸರು ಇಂಗ್ಲಿಷ್ ಅಕ್ಷರದಲ್ಲಿ, ಇನಿಶಿಯಲ್ ಹಿಂದೆ, ಹೊಸ ಮೇಲ್, ಮತ್ತೇನೂ ಇಲ್ಲ. ಹೆಸರು ಹೋಲಿಸಿದರೂ ಸಿಗುವುದಿಲ್ಲ, ಮೇಲ್ ಹೋಲಿಸಿದರೂ ಸಿಗುವುದಿಲ್ಲ. ಹೊಂದಿದ್ದು ಫೋನ್ ನಂಬರ್ ಮಾತ್ರ, ಅದೂ ಒಂದರಲ್ಲಿ ನಡುವೆ ಗೆರೆ ಹಾಕಿ ಬರೆದಿತ್ತು. ಇಂಥದ್ದನ್ನು ಯಾವ ಯಂತ್ರಕ್ಕೂ ಬಿಡಬಾರದು. ಕನ್ನಡದ ಕಾರ್ಡನ್ನು ಇಟ್ಟುಕೊಂಡು ಹೊಸ ಮೇಲನ್ನು ಅದಕ್ಕೆ ಹಾಕಿದೆ. ಖಾಲಿ ಕಾರ್ಡನ್ನೇ ಇಟ್ಟುಕೊಂಡಿದ್ದರೆ ಟಿಪ್ಪಣಿ ಹೋಗಿಬಿಡುತ್ತಿತ್ತು.

ಸಿಎಸ್‌ವಿ, ಅಂದರೆ ಅಲ್ಪವಿರಾಮ ಹಾಕಿ ಬೇರ್ಪಡಿಸಿದ ಪಠ್ಯದ ಫೈಲ್ ಮಾಡಿ ಸ್ಪ್ರೆಡ್‌ಶೀಟಿನಲ್ಲಿ ಡೂಪ್ಲಿಕೇಟ್ ತೆಗೆಯಿರಿ ಅನ್ನುವ ಸಲಹೆ ಎಲ್ಲೆಡೆ ಸಿಗುತ್ತದೆ. ನನಗೆ ಅದು ಇಷ್ಟವಿಲ್ಲ. ಎಕ್ಸ್‌ಪೋರ್ಟ್ ಮಾಡುವಾಗ ಯುಟಿಎಫ್-8 ಎಂಬ ಅಕ್ಷರ ಸಂಕೇತ ಆರಿಸದಿದ್ದರೆ ಕನ್ನಡ ಹೆಸರೆಲ್ಲ ಪ್ರಶ್ನಾರ್ಥಕ ಚಿಹ್ನೆ ಆಗಬಹುದು. ಆರಿಸಿದರೂ ಸ್ಪ್ರೆಡ್‌ಶೀಟ್ ಫೋನ್ ನಂಬರನ್ನು ಸುಮ್ನೆ ಒಂದು ಸಂಖ್ಯೆ ಅಂದುಕೊಳ್ಳುತ್ತದೆ. ಮುಂದಿನ ಸೊನ್ನೆ ಮಾಯ, ಪ್ಲಸ್ ಚಿಹ್ನೆ ಮಾಯ, ಉದ್ದದ ನಂಬರಿನ ನಡುವೆ ಒಂದು ಇ (E) ಅಕ್ಷರ ಪ್ರತ್ಯಕ್ಷ. ಅದನ್ನು ಉಳಿಸಿ ವಾಪಸ್ ತಂದರೆ ಡೂಪ್ಲಿಕೇಟ್ ಹೋಗಿ ಕೆಟ್ಟ ನಂಬರ್ ಉಳಿಯುತ್ತದೆ. ಆ ದಾರಿಯೇ ಬೇಕಿದ್ದರೆ ಫೈಲ್ ತೆರೆಯುವಾಗ ಎಲ್ಲ ಕಾಲಮ್ ಪಠ್ಯ ಅಂತ ಆರಿಸಿ.

ಶುದ್ಧವಾದ ಮೇಲೆ ನಲ್ಲಿ ನಿಲ್ಲಿಸುವ ಕೆಲಸ. ಸೆಟ್ಟಿಂಗ್ಸ್‌ನ ಕಾಂಪೊಸಿಷನ್ ಭಾಗದಲ್ಲಿ, ಕಳಿಸಿದ ವಿಳಾಸಗಳನ್ನು ತಾನಾಗಿಯೇ ಸೇರಿಸುವ ಆಯ್ಕೆಗೆ ಟಿಕ್ ಇರುತ್ತದೆ. ನಾನು ಟಿಕ್ ತೆಗೆದಿದ್ದೇನೆ. ಯಾರನ್ನು ಉಳಿಸಿಕೊಳ್ಳಬೇಕೋ ಅವರನ್ನು ಮೇಲ್ ಓದುವಾಗ ವಿಳಾಸದ ಪಕ್ಕದ ಚಿಕ್ಕ ಐಕಾನ್ ಒತ್ತಿ ಸೇರಿಸುತ್ತೇನೆ, ಆಮೇಲೆ ಯಾವ ಪುಸ್ತಕಕ್ಕೆ ಅಂತ ಬದಲಾಯಿಸುತ್ತೇನೆ. ಇದರಿಂದ ನೋ-ರಿಪ್ಲೈ ಥರದ ಕಸವೂ ಸೇರುವುದಿಲ್ಲ.

ಇನ್ನು ಖಾಲಿಯಾದ ಹಳೆಯ ಪುಸ್ತಕಗಳನ್ನು ಅಳಿಸುವುದು. ಇಲ್ಲಿ ಒಂದು ಎಚ್ಚರಿಕೆ ಬೇಕು. ಗುಂಪಿಗೆ ಮೇಲ್ ಕಳಿಸಲು ನೀವು ಮಾಡಿಟ್ಟ ಮೇಲಿಂಗ್ ಲಿಸ್ಟ್ ಒಂದು ಪುಸ್ತಕಕ್ಕೆ ಅಂಟಿಕೊಂಡಿರುತ್ತದೆ. ಪುಸ್ತಕ ಹೋದರೆ ಅದೂ ಹೋಗುತ್ತದೆ. ಸಿಎಸ್‌ವಿಯಲ್ಲಿ ಲಿಸ್ಟ್ ಬರುವುದೇ ಇಲ್ಲ, ಎಲ್‌ಡಿಐಎಫ್ ಎಂಬ ಇನ್ನೊಂದು ಎಕ್ಸ್‌ಪೋರ್ಟ್ ಫೈಲ್ ರೂಪದಲ್ಲಿ ಬರುತ್ತದೆ. ಅದಕ್ಕೇ ಅಳಿಸುವ ಮುಂಚೆ ಪುಸ್ತಕದ ಪಕ್ಕದ ಬಾಣ ಒತ್ತಿ, ಒಳಗೆ ಲಿಸ್ಟ್ ಏನಾದರೂ ಇದೆಯಾ ನೋಡಿ, ಇದ್ದರೆ ಎಲ್‌ಡಿಐಎಫ್ ಒಂದು ತೆಗೆದಿಟ್ಟುಕೊಂಡು ಆಮೇಲೆ ಡಿಲೀಟ್ ಒತ್ತಿ.