ಅಘನಾಶಿನಿ ಅಳಿವೆಯಲ್ಲಿ ಹಕ್ಕಿ ಎಣಿಕೆ: ಸ್ಕೋಪ್, ಬೈನಾಕ್ಯುಲರ್, ದೋಣಿ

ಸ್ಕೋಪ್ ವಿಷಯ ಮೊದಲು ಮುಗಿಸಿಬಿಡುತ್ತೇನೆ, ಅದರ ಮೇಲೆ ನನಗೆ ಇನ್ನೂ ಸ್ವಲ್ಪ ಸಿಟ್ಟಿದೆ. ಒಂಟಿ ಕಣ್ಣಿಟ್ಟು ನೋಡುವ ದೂರದರ್ಶಕ ಅದು, ಗೆಳೆಯನ ಹತ್ತಿರ ಕೇಳಿ ತಂದದ್ದು, 20ರಿಂದ 60 ಪಟ್ಟು ದೊಡ್ಡದು ಮಾಡಿ ತೋರಿಸುವಂಥದ್ದು. ಕುಮಟಾ ತಾಲ್ಲೂಕಿನ ಮಾಸೂರಿನ ಕಡೆ ದಡದಲ್ಲಿ ಟ್ರೈಪಾಡ್ ನಿಲ್ಲಿಸಿದೆ. ಐದೇ ನಿಮಿಷ. ಹಿಂದಿನ ಕಾಲು ಕೆಸರಿನಲ್ಲಿ ಹೂತು ಸ್ಕೋಪ್ ಆಕಾಶ ನೋಡತೊಡಗಿತು. ಆಮೇಲೆ ಪ್ರತಿ ಕಾಲಿನ ಕೆಳಗೂ ಒಂದೊಂದು ತೆಂಗಿನ ಗರಟೆ ಇಟ್ಟೆ, ಆಗ ನಿಂತಿತು.

ನಿಂತ ಮೇಲೆ ಅದರ ಬೆಲೆ ಗೊತ್ತಾಯಿತು ಅನ್ನಿ. ಚಳಿಗಾಲದ ಪ್ಲವರ್‌ಗಳು ಬೈನಾಕ್ಯುಲರ್‌ನಲ್ಲಿ ಬರೀ ‘ಸಣ್ಣ ಬೂದು ಹಕ್ಕಿ’. ಸ್ಕೋಪ್‌ನಲ್ಲಿ ಕೆಂಟಿಷ್ ಪ್ಲವರ್‌ನ ಕುತ್ತಿಗೆಯ ಹಿಂದಿನ ಬಿಳಿ ಪಟ್ಟಿ ಕಂಡಿತು. ಪಕ್ಕದ ಸ್ಯಾಂಡ್ ಪ್ಲವರ್‌ಗೆ ಅದಿಲ್ಲ. ಎರಡನ್ನೂ ಬೇರೆ ಬೇರೆ ಬರೆದುಕೊಳ್ಳಬೇಕೆಂದರೆ ಬೇರೆ ದಾರಿ ಇಲ್ಲ. ಆದರೆ 60 ಪಟ್ಟು ಅನ್ನೋದು ಅಂಗಡಿಯವರ ಮಾತು. ಒಂಬತ್ತೂವರೆ ದಾಟಿದರೆ ಬಿಸಿಲ ಝಳಕ್ಕೆ ಹಕ್ಕಿಗಳು ಕುದಿಯುವ ನೀರೊಳಗೆ ನಿಂತ ಹಾಗೆ ಕಾಣುತ್ತವೆ. ನಾನು 30ಕ್ಕಿಂತ ಮೇಲೆ ತಿರುಗಿಸಿದ್ದೇ ಕಡಿಮೆ.

8×42 (ಎಂಟು ಪಟ್ಟು ದೊಡ್ಡದು ಮಾಡುವ, 42 ಮಿ.ಮೀ. ಗಾಜಿನ) ಬೈನಾಕ್ಯುಲರ್‌ಗೆ ಈ ರಗಳೆ ಇಲ್ಲ. ಕೊರಳಿಗೆ ಹಾಕಿಕೊಂಡು ಗಜನಿಯ, ಅಂದರೆ ಉಪ್ಪುನೀರು ನುಗ್ಗುವ ಗದ್ದೆಯ, ಬದುವಿನ ಮೇಲೆ ನಡೆಯುತ್ತಾ ಹೋಗಬಹುದು. ಗುಂಪು ಹಾರಿದಾಗ ಇದೇ ಗೆಲ್ಲುತ್ತದೆ. ರೆಕ್ಕೆಯ ಹಿಂದಿನ ಅಂಚು ಬೆಳ್ಳಗೆ ಮಿಂಚಿದರೆ ರೆಡ್‌ಶ್ಯಾಂಕ್. ಒಂದರ ಹಿಂದೊಂದು ಏಳೆಂಟು ಸಿಳ್ಳೆ ಕೇಳಿದರೆ ವಿಂಬ್ರೆಲ್, ಅದಕ್ಕೆ ಕಣ್ಣೇ ಬೇಡ. ಎಣಿಸುವುದೂ ಸುಲಭ: ಹತ್ತು ಹಕ್ಕಿ ಎಣಿಸಿ, ಅಷ್ಟು ಅಗಲದ ತುಂಡು ಗುಂಪಿನಲ್ಲಿ ಎಷ್ಟು ಸಲ ಕೂರುತ್ತದೆ ಅಂತ ನೋಡೋದು. ಸ್ಕೋಪ್‌ನ ಚಿಕ್ಕ ಕಿಂಡಿಯಲ್ಲಿ ಇದು ಆಗಲ್ಲ. ಗುಂಪಿನ ತಲೆ ಕಂಡರೆ ಬಾಲ ಕಾಣಲ್ಲ.

ದೋಣಿ ನನಗೆ ಇಷ್ಟ, ಎಣಿಕೆಗೆ ಮಾತ್ರ ಬೇಡ. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಸಂದಿಗೆ ಹೋಗಿ ಮಿಂಚುಳ್ಳಿ, ಬಕ, ಕಪ್ಪು ಬಣ್ಣದ ರೀಫ್ ಎಗ್ರೆಟ್ ನೋಡಲು ಅದಕ್ಕೆ ಸಾಟಿ ಇಲ್ಲ. ಆದರೆ ಬಯಲು ಕೆಸರಿನ ಹಕ್ಕಿಗಳು ದೋಣಿ ಕಂಡದ್ದೇ ಎದ್ದು ಮುಂದಿನ ದಿಬ್ಬದಲ್ಲಿ ಕೂರುತ್ತವೆ. ಅಲ್ಲಿ ನಾವು ಅವನ್ನೇ ಮತ್ತೆ ಎಣಿಸುತ್ತೇವೆ. ಒಂದು ಬೆಳಿಗ್ಗೆ ನಾನು ಬರೆದುಕೊಂಡ ಕರ್ಲೂಗಳಲ್ಲಿ ಅರ್ಧದಷ್ಟು ಹೀಗೆ ಎರಡೆರಡು ಸಲ ಬಂದವು ಅಂತ ನನಗೆ ಈಗಲೂ ಗುಮಾನಿ.

ಇಷ್ಟೆಲ್ಲ ಸರ್ಕಸ್ ಮಾಡುವಾಗ ಬಳಚು (ಚಿಪ್ಪುಮೀನು) ತೆಗೆಯುತ್ತಿದ್ದ ಅಕ್ಕ ಒಬ್ಬರು ಬುಟ್ಟಿ ಸೊಂಟಕ್ಕಿಟ್ಟುಕೊಂಡು ನೋಡುತ್ತಿದ್ದರು. “ಎಂತಕ್ಕೆ ಅಷ್ಟು ದೂರ ನೋಡ್ತೆ ತಮಾ? ನೀರು ಬರ್ಲಿ, ಹಕ್ಕಿ ತಾನೇ ಹತ್ರ ಬರ್ತದೆ” ಅಂದರು.

ಬಂತು ಕೂಡ. ನೀರು ಇಳಿದಾಗ ಹಕ್ಕಿಗಳು ಕೆಸರಿನ ಬಯಲಿಡೀ ಚೆಲ್ಲಿರುತ್ತವೆ. ಉಬ್ಬರ ಏರಿದಂತೆ ಜಾಗ ಕಿರಿದಾಗಿ ನಮ್ಮ ಕಡೆಗೆ ಸರಿಯುತ್ತವೆ. ತುಂಬಿದಾಗ ಎದ್ದು ಗಜನಿಯ ಬದುಗಳಿಗೆ ಹೋಗಿ ಒಂಟಿಕಾಲಲ್ಲಿ ನಿಲ್ಲುತ್ತವೆ. ನೀರು ತುಂಬುವ ಮೊದಲಿನ ಎರಡು ಗಂಟೆ ಸಿಕ್ಕಿದರೆ ಸಾಕು, ನನ್ನ ಹಳೇ ಬೈನಾಕ್ಯುಲರ್ ಇಳಿತದ ಹೊತ್ತಿನ ಸ್ಕೋಪ್‌ಗಿಂತ ಜಾಸ್ತಿ ತೋರಿಸುತ್ತದೆ. ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಇವತ್ತಿನ ಹೊತ್ತಿಗೇ ನಾಳೆಯೂ ಹೋದರೆ ಕೆಲಸ ಕೆಡುತ್ತದೆ. ಬೆಳಿಗ್ಗೆಯಾದರೆ ಪಶ್ಚಿಮಕ್ಕೆ ಮುಖ ಮಾಡಿ ನಿಲ್ಲಿ. ಎದುರು ಬಿಸಿಲಿಗೆ ಎಲ್ಲ ಹಕ್ಕಿಯೂ ಕಪ್ಪೇ.

ಅಳಿವೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು, 4801 ಹೆಕ್ಟೇರ್. ಇಡೀ ಅಳಿವೆ ಎಣಿಸುತ್ತೇನೆ ಅಂತ ಒಬ್ಬನೇ ಹೊರಟರೆ ಸುಮ್ನೆ ಸುಸ್ತು. ಪ್ರತಿ ಜನವರಿ ನಡೆಯುವ ಏಷ್ಯನ್ ನೀರುಹಕ್ಕಿ ಗಣತಿಯಲ್ಲಿ ನಾನು ಕಣ್ಣಳತೆಗೆ ಸಿಗುವ ಒಂದು ತುಂಡು ಮಾತ್ರ ಹಿಡಿಯುತ್ತೇನೆ, ವರ್ಷವೂ ಅದನ್ನೇ.

ಲೆಕ್ಕ ಇಡೋಕೆ ಪುಸ್ತಕ, ಮೊಬೈಲ್ ಎರಡನ್ನೂ ನೋಡಿದೆ. ಎರಡಕ್ಕೂ ತಲೆ ತಗ್ಗಿಸಬೇಕು, ಎತ್ತುವಷ್ಟರಲ್ಲಿ ಗುಂಪು ಕಲಸಿಹೋಗಿರುತ್ತದೆ. ಈಗ ಅಮ್ಮನ ಜಪದ ಕೌಂಟರ್ ಬೆರಳಿಗೆ ಹಾಕಿಕೊಳ್ಳುತ್ತೇನೆ, ಹತ್ತು ಹಕ್ಕಿಗೆ ಒಂದು ಟಿಕ್. ಅಮ್ಮ ಇನ್ನೊಂದು ತರಿಸಿಕೊಂಡಿದ್ದಾರೆ.

ಕೈಯಲ್ಲಿ ಕಾಸು ಕಮ್ಮಿ ಇದ್ದರೆ ಬೈನಾಕ್ಯುಲರ್ ಕೊಳ್ಳಿ, ಉಬ್ಬರದ ವೇಳಾಪಟ್ಟಿ ಮೊಬೈಲಿನಲ್ಲಿ ಇಟ್ಟುಕೊಳ್ಳಿ. ಇಬ್ಬರಿದ್ದರೆ ಒಬ್ಬರು ಬೈನಾಕ್ಯುಲರ್‌ನಲ್ಲಿ ಎಣಿಸಲಿ, ಇನ್ನೊಬ್ಬರು ಸ್ಕೋಪ್‌ನಲ್ಲಿ ಜಾತಿ ನೋಡಲಿ. ದೋಣಿ ಏನಿದ್ದರೂ ಎಣಿಕೆ ಮುಗಿದ ಮೇಲೆ. ಸ್ಕೋಪ್‌ಗೆ ಗರಟೆ ಮರೆಯಬೇಡಿ, ಮೂರು ಬೇಕು.