ಶಾರ್ಪ್ ಎಂಝಡ್-731: ತಗೊಂಡರೆ ಪ್ಲಾಟರ್‌ಗಾಗಿ ತಗೊಳ್ಳಿ

ಹಳೇ ಜಪಾನೀ ಕಂಪ್ಯೂಟರ್ ತಗೊಳ್ಳೋಣ ಅಂತ ಹೊರಟವರು ಮೊದಲು ಕೇಳೋದು ಆಟಗಳ ಬಗ್ಗೆ. ನಿಮ್ಮದೂ ಅದೇ ಆಸೆ ಆಗಿದ್ದರೆ ಶಾರ್ಪ್‌ನ ಎಂಝಡ್-700 ಕಡೆ ತಲೆ ಹಾಕಲೇಬೇಡಿ, ಅದೇ ಕಾಲದ ಎಂಎಸ್‌ಎಕ್ಸ್ ಅನ್ನೋ ಬಗೆಯ ಯಾವುದಾದರೂ ಮನೆ ಕಂಪ್ಯೂಟರ್ ನೋಡಿಕೊಳ್ಳಿ. 1982ರಲ್ಲಿ ಬಂದ ಈ ಯಂತ್ರಕ್ಕೆ ಪರದೆ ಮೇಲೆ ಚಿತ್ರ ಬರೆಯೋದೇ ಗೊತ್ತಿಲ್ಲ. 40 ಅಕ್ಷರ ಅಗಲ, 25 ಸಾಲು, ಚಿಪ್‌ನಲ್ಲಿ ಮೊದಲೇ ಕೂರಿಸಿಟ್ಟ ಅಕ್ಷರಗಳು ಮತ್ತು ಚಿಹ್ನೆಗಳು, 8 ಬಣ್ಣ, ಮುಗೀತು. ಅದೇ ವರ್ಷ ಬಂದ ಫುಜಿಟ್ಸು ಎಫ್‌ಎಂ-7ನಲ್ಲಿ 640×200 ಚುಕ್ಕಿಗಳ ಚಿತ್ರ ಬರುತ್ತಿತ್ತು. ಇನ್ನು ಇದರ ಧ್ವನಿ, ಒಂದೇ ಚಾನೆಲ್, ಕೀಂಯ್ ಅನ್ನುತ್ತೆ ಅಷ್ಟೇ.

ಇದರಲ್ಲಿ ಮೂರು ಮಾದರಿ ಇವೆ. 711 ಬರೀ ಕಂಪ್ಯೂಟರ್, 721ರಲ್ಲಿ ಕ್ಯಾಸೆಟ್ ರೆಕಾರ್ಡರ್ ಸೇರಿದೆ, 731ರಲ್ಲಿ ಅದರ ಜೊತೆಗೆ ನಾಲ್ಕು ಬಣ್ಣದ ಪೆನ್ನಿನ ಪ್ಲಾಟರ್, ಅಂದರೆ ಪೆನ್ನು ಹಿಡಿದು ಕಾಗದದ ಮೇಲೆ ಗೆರೆ ಎಳೆಯೋ ಯಂತ್ರ ಕೂಡ ಇದೆ. ನನ್ನ ಹತ್ತಿರ ಇರೋದು 731.

ಆನ್ ಮಾಡಿದರೆ ನೀಲಿ ಪರದೆ ಮೇಲೆ ಮಾನಿಟರ್ (ಒಳಗೇ ಇರೋ ಪುಟ್ಟ ಪ್ರೋಗ್ರಾಂನ ಹೆಸರು) ಅಂತ ಒಂದು ಸಾಲು, ಕೆಳಗೆ ಒಂದು ನಕ್ಷತ್ರದ ಗುರುತು. ಪ್ರೋಗ್ರಾಂ ಬರೆಯೋ ಭಾಷೆ ಬೇಸಿಕ್ ಎಲ್ಲಿ ಅಂತ ಹುಡುಕಬೇಡಿ, ಒಳಗಿಲ್ಲ. ಶಾರ್ಪ್‌ನವರು ಬೇಕಂತಲೇ ಬಿಟ್ಟಿದ್ದು, ಇದಕ್ಕೆ ಕ್ಲೀನ್ ಕಂಪ್ಯೂಟರ್ ಅಂತ ಹೆಸರು ಬೇರೆ. ಎಲ್ ಒತ್ತಿ, ಬೇಸಿಕ್ ಇರೋ ಕ್ಯಾಸೆಟ್ ಪ್ಲೇ ಮಾಡಿ, ಸುಮಾರು ಮೂರು ನಿಮಿಷ ಸುಮ್ನೆ ಕೂತಿರಬೇಕು. ಮೊದಮೊದಲು ಕಿರಿಕಿರಿ ಅನಿಸುತ್ತೆ, ನಿಜ. ಆದರೆ 64 ಕೆಬಿ ಮೆಮೊರಿಯಲ್ಲಿ ಯಾವ ಭಾಷೆ ಇರಬೇಕು ಅನ್ನೋದು ನಮ್ಮ ಇಷ್ಟ, ಶಾರ್ಪ್‌ನ ಬೇಸಿಕ್ ಬೇಡ ಅನಿಸಿದರೆ ಹಡ್ಸನ್ ಕಂಪನಿಯ ಹು-ಬೇಸಿಕ್ ಹಾಕಿಕೊಳ್ಳಬಹುದು. ನನಗಂತೂ ಈ ಏರ್ಪಾಡು ಹಿಡಿಸಿದೆ.

ಈಗ ಪ್ಲಾಟರ್ ವಿಷಯಕ್ಕೆ ಬರೋಣ, ಇದರ ಜೀವವೇ ಅದು. ಪುಟ್ಟ ಡ್ರಮ್ಮಿನಲ್ಲಿ ಕಪ್ಪು, ನೀಲಿ, ಹಸಿರು, ಕೆಂಪು ಬಾಲ್‌ಪೆನ್‌ಗಳು ಕೂತಿರುತ್ತವೆ. ಪೆನ್ನು ಎಡಕ್ಕೂ ಬಲಕ್ಕೂ ಓಡುತ್ತೆ, ಕಾಗದ ಮೇಲಕ್ಕೂ ಕೆಳಕ್ಕೂ ಸರಿಯುತ್ತೆ, ಎರಡೂ ಒಟ್ಟಿಗೆ ಕುಣಿದಾಗ ವೃತ್ತ ಮೂಡುತ್ತೆ. ಬಣ್ಣ ಬದಲಿಸಬೇಕಾದರೆ ಡ್ರಮ್ಮು ಅಂಚಿಗೆ ಓಡಿಹೋಗಿ ಡಿಕ್ಕಿ ಹೊಡೆದು ಒಂದು ಹೆಜ್ಜೆ ತಿರುಗುತ್ತೆ. ಟಕ್ ಟಕ್ ಅಂತ ಮನೆಯವರಿಗೆಲ್ಲ ಕೇಳಿಸುವಷ್ಟು ಸದ್ದು! ಬರೆಯುವಾಗ ಪೆನ್ನಿನ ಒಂದು ಹೆಜ್ಜೆ ಅಂದರೆ 0.2 ಮಿ.ಮೀ., ಅಗಲದಲ್ಲಿ ಅಂಥ 480 ಹೆಜ್ಜೆ.

ಪರದೆ ಮೇಲೆ ಒಂದು ಕನ್ನಡ ಅಕ್ಷರ ಮೂಡಿಸಲು ಸಾಧ್ಯವಿಲ್ಲದ ಕಂಪ್ಯೂಟರು ಕಾಗದದ ಮೇಲೆ ಮಾತ್ರ ಆರಾಮಾಗಿ ಬರೆಯುತ್ತೆ. ಬೇಸಿಕ್‌ನಲ್ಲಿ ಚಿತ್ರಕ್ಕಾಗಿ ಮೋಡ್ ಜಿಆರ್ ಅನ್ನೋ ಆಜ್ಞೆ ಕೊಟ್ಟು, ಗೆರೆಗೆ ಲೈನ್, ಬಾಗಿಗೆ ಸರ್ಕಲ್ ಬಳಸಿದರೆ ಆಯ್ತು. ಸರ್ಕಲ್‌ಗೆ ಎಲ್ಲಿಂದ ಎಲ್ಲಿವರೆಗೆ ಅಂತ ಕೋನ ಕೊಡಬಹುದಾದ್ದರಿಂದ ಅರ್ಧ, ಮುಕ್ಕಾಲು ವೃತ್ತಗಳೂ ಬರುತ್ತವೆ, ನಮ್ಮ ಗುಂಡುಗುಂಡಾದ ಲಿಪಿಗೆ ಇನ್ನೇನು ಬೇಕು ಹೇಳಿ? ನಾನು 'ಕ' ಬರೆಸಿದಾಗ ತಲೆಕಟ್ಟಿಗೆ ಕೆಂಪು, ಉಳಿದದ್ದಕ್ಕೆ ನೀಲಿ ಹಾಕಿದ್ದೆ. ಕೆಳಗಿನ ಗುಂಡು ತಿರುಗುವಾಗ ಕಾಗದ ಮುಂದೆ ಹಿಂದೆ ಆಡೋದನ್ನ ನೋಡುತ್ತಾ ಕೂತರೆ ಹೊತ್ತು ಹೋಗಿದ್ದೇ ಗೊತ್ತಾಗಲ್ಲ.

ತಗೊಳ್ಳುವ ಮುಂಚೆ ಕೆಲವು ವಿಷಯ. ಮೂಲ ಪೆನ್ನುಗಳು ಇಷ್ಟು ಹೊತ್ತಿಗೆ ಒಣಗಿರುತ್ತವೆ, ಬದಲಿ ಹುಡುಕಬೇಕು. ಕ್ಯಾಸೆಟ್‌ನ ರಬ್ಬರ್ ಬೆಲ್ಟು ಸಡಿಲ ಆಗಿರುತ್ತೆ, ಅದು ಸಣ್ಣ ಖರ್ಚು. ದೊಡ್ಡ ತಲೆನೋವು ಪ್ಲಾಟರ್ ಮೋಟಾರಿನ ಪುಟ್ಟ ಪ್ಲಾಸ್ಟಿಕ್ ಹಲ್ಲುಚಕ್ರ. ವಯಸ್ಸಾದಂತೆ ಅದು ಸೀಳುತ್ತೆ, ಆಮೇಲೆ ಪೆನ್ನು ಹೆಜ್ಜೆ ತಪ್ಪಿ ವೃತ್ತದ ಎರಡು ತುದಿ ಸೇರೋದೇ ಇಲ್ಲ. ಜಪಾನ್ ಮಾದರಿಯದ್ದು 100 ವೋಲ್ಟ್, ಊರಿಗೆ ತರೋದಾದರೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಪ್ಲಗ್ ಹಾಕಲೇಬೇಡಿ.

ಮಾರುವವರು ಪರದೆಯ ಫೋಟೋ ತೋರಿಸಿ ಕೆಲಸ ಮಾಡುತ್ತೆ ಅಂದರೆ ಅಷ್ಟಕ್ಕೇ ನಂಬಬೇಡಿ. ಬೇಸಿಕ್‌ನಲ್ಲಿ ಟೆಸ್ಟ್ ಅಂತ ಒಂದು ಆಜ್ಞೆ ಇದೆ, ನಾಲ್ಕೂ ಬಣ್ಣದಲ್ಲಿ ಚೌಕ ಬರೆಯುತ್ತೆ, ಆ ಕಾಗದದ ಫೋಟೋ ಕೇಳಿ. ಅದು ಆಗಲ್ಲ ಅಂದರೆ 721ರ ಬೆಲೆ ಕೊಡಿ, ಅದರ ಮೇಲೆ ಒಂದು ಯೆನ್ ಕೂಡ ಜಾಸ್ತಿ ಬೇಡ.